ಸೂರ್ಯಕಾಂತಿ, ಕಾಂಗ್ರೆಸ್ ಕಸ ಮತ್ತು ನಾನು ತಿದ್ದಬೇಕಾದ ಒಂದು ಪಾಠ

ಹೇಮಗುಡ್ಡವೆಂದೊಡನೆ ಎಲ್ಲರಿಗೂ ನೆನಪಾಗುವುದು ಅಲ್ಲಿಯ ಕೋಟೆ ಮತ್ತು ಗಂಡುಗಲಿ ಕುಮಾರರಾಮನ ಕಥೆ. ಸಮಾಜ ವಿಜ್ಞಾನದ ಮಾಸ್ತರನಾಗಿ ನಾನೂ ಅದನ್ನೇ ಹೇಳುತ್ತ ಬಂದೆ. ಆದರೆ ಆ ಗುಡ್ಡದ ಕೆಳಗಿನ ಮಳೆಯಾಶ್ರಿತ ಹೊಲಗಳಿಗೂ ಒಂದು ಇತಿಹಾಸವಿದೆ. ಅದರಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದೆ.

ಸೂರ್ಯಕಾಂತಿ ನಮ್ಮ ನೆಲದ ಬೆಳೆಯಲ್ಲ. ಅದರ ತವರು ಉತ್ತರ ಅಮೆರಿಕ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಎಣ್ಣೆಯ ಬೆಳೆಯಾಗಿ ಬೆಳೆಸಿದವರು ರಷ್ಯನ್ನರು. 1969ರಲ್ಲಿ ಸೋವಿಯತ್ ತಳಿಗಳು ಭಾರತಕ್ಕೆ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಿಎಸ್ಎಚ್-1 ಎಂಬ ಸಂಕರಣ ತಳಿ ಹೊರಬಂದ ಮೇಲೆ ಈ ಬೆಳೆ ಕರ್ನಾಟಕದಲ್ಲಿ ಬೇರೂರಿತು. ನಾನು ನೌಕರಿಗೆ ಸೇರಿದ ಕಾಲಕ್ಕೆ ನಮ್ಮ ಎರೆ, ಮಸಾರಿ ಎರಡೂ ಹೊಲಗಳಲ್ಲಿ ಹಳದಿ ಹೂವು ತುಂಬಿರುತ್ತಿತ್ತು.

ಈ ಬೆಳೆಗೆ ಮೊದಲ ಆರು ವಾರ ಪರೀಕ್ಷೆಯ ಕಾಲ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಅಂತರವಿರುತ್ತದೆ; ಸಸಿ ಆರಂಭದಲ್ಲಿ ನಿಧಾನವಾಗಿ ಬೆಳೆಯುತ್ತದೆ. ಆ ಖಾಲಿ ನೆಲವನ್ನು ಜೇಕು, ಕರಿಕೆ ಮೊದಲಾದ ಕಸ ಆಕ್ರಮಿಸಿ ತೇವವನ್ನೂ ಗೊಬ್ಬರವನ್ನೂ ಕಬಳಿಸುತ್ತದೆ. ಎಲೆಗಳು ಅಗಲವಾಗಿ ನೆರಳು ಕವಿದ ಮೇಲೆ ಬೆಳೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಆದ್ದರಿಂದ ಆ ಅವಧಿಯಲ್ಲಿ ಎರಡು ಸಲ ಎಡೆಕುಂಟೆ ಹೊಡೆಯಬೇಕು. ಸಾಲಿನೊಳಗಿನ ಕಸಕ್ಕೆ ಕುಂಟೆ ಎಟುಕದು. ಅದನ್ನು ಕುರ್ಪಿ ಹಿಡಿದು ಕುಳಿತೇ ತೆಗೆಯಬೇಕು. ಆ ಕೆಲಸ ಹೆಣ್ಣುಮಕ್ಕಳ ಪಾಲಿಗೆ ಬಂದಿತ್ತು. ಮಳೆಗಾಲದಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳೇ ಹೆಚ್ಚಾಗಿರುತ್ತಿದ್ದವು. ಮರಳಿ ಬಂದವರನ್ನು ನಾನು ಬೈದದ್ದೂ ಉಂಟು. ಅವರ ಅಂಗೈಯ ಬೊಬ್ಬೆಗಳನ್ನು ನೋಡಿದ್ದರೆ ಬೈಯುತ್ತಿರಲಿಲ್ಲ.

ಅದೇ ಅಮೆರಿಕ ಖಂಡಗಳಿಂದ ಮತ್ತೊಂದು ಗಿಡ ಕರೆಯದೆ ಬಂದಿತು. ಅದು ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಕಸ. ಆಮದು ಗೋಧಿಯೊಡನೆ ಬಂದಿತೆಂಬುದು ಪ್ರಚಲಿತ ಅಭಿಪ್ರಾಯ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಅದನ್ನು ಗುರುತಿಸಲಾಯಿತು. ಸೂರ್ಯಕಾಂತಿಯೂ ಇದೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು. ಇದನ್ನು ಹತೋಟಿಗೆ ತರಲು ವಿಜ್ಞಾನಿಗಳು ಮೆಕ್ಸಿಕೋದಿಂದ ಗೆರೆಗಳುಳ್ಳ ಸಣ್ಣ ಜೀರುಂಡೆಯೊಂದನ್ನು ತಂದು, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಪಾರ್ಥೇನಿಯಂ ಎಲೆಗಳನ್ನು ತಿಂದು ಗಿಡವನ್ನು ಬರಿದು ಮಾಡುತ್ತಿತ್ತು. ಆದರೆ 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿಯ ಎಲೆಯನ್ನೂ ಕಚ್ಚುತ್ತಿರುವುದು ಕಂಡುಬಂದು ದೊಡ್ಡ ಗದ್ದಲವೆದ್ದಿತು. ತನಿಖೆಗೆ ಸಮಿತಿಯೂ ನೇಮಕವಾಯಿತು.

ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ನಾನು ತರಗತಿಯಲ್ಲಿ, "ಆ ಹುಳು ನಿಮ್ಮಪ್ಪನ ಬೆಳೆಯ ವೈರಿ, ಕಂಡಲ್ಲಿ ಹೊಸಕಿ ಹಾಕಿರಿ" ಎಂದು ಹೇಳಿಬಿಟ್ಟೆ. ಕೆಲವು ವರ್ಷಗಳ ಮೇಲೆ ಅದು ನಮ್ಮ ಕಡೆ ಕಾಣಿಸಿಕೊಂಡಾಗ ನೀವು ನನ್ನ ಮಾತನ್ನು ಅಕ್ಷರಶಃ ಪಾಲಿಸಿದಿರಿ.

ಸಂಶೋಧಕರು ಕಂಡುಕೊಂಡದ್ದು ಬೇರೆಯೇ ಆಗಿತ್ತು. ಪಕ್ಕದ ಪಾರ್ಥೇನಿಯಂನ ಪರಾಗ ಗಾಳಿಯಲ್ಲಿ ಹಾರಿ ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಾಗ, ಜೀರುಂಡೆ ಅದಕ್ಕೆ ಮರುಳಾಗಿ ಎಲೆಯನ್ನು ಕಚ್ಚುತ್ತಿತ್ತು. ತಪ್ಪು ಹುಳುವಿನದಲ್ಲ, ಬದುವಿನ ಮೇಲೆ ನಾವು ಬಿಟ್ಟ ಕಸದ್ದು. ಈ ಸಂಶೋಧನೆ 1993ರಲ್ಲಿಯೇ ಪ್ರಕಟವಾಗಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ.

ನಮ್ಮ ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ 1997ರಲ್ಲಿಯೇ, ಅಂದಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಸೂರ್ಯಕಾಂತಿಗೆ ನಂಜುರೋಗವೊಂದು ಕಾಣಿಸಿಕೊಂಡಿತು. ಎಲೆ ಸುಟ್ಟಂತೆ ಒಣಗಿ, ದಂಟು ಮತ್ತು ತೆನೆ ತಿರುಚಿಕೊಳ್ಳುವ ರೋಗವದು. ಅದರ ವೈರಸ್ಸಿಗೂ ಪಾರ್ಥೇನಿಯಂ ಆಶ್ರಯದಾತ. ಆ ಗಿಡ ತಾನು ಹಸಿರಾಗಿಯೇ ಇರುತ್ತದೆ. ನಂಜು ತುಂಬಿದ ಅದರ ಪರಾಗವನ್ನು ಥ್ರಿಪ್ಸ್ ಎಂಬ ನುಸಿ ಬೆಳೆಗೆ ಮುಟ್ಟಿಸುತ್ತದೆ. ಎರಡೂ ಪ್ರಕರಣಗಳಲ್ಲಿ ಮೂಲ ಅದೇ ಪರಾಗ.

ಸಾಲಿನೊಳಗಿನ ಕಸ ತೆಗೆದರೆ ಸಾಲದು, ಬದು ಮತ್ತು ದಾರಿಬದಿಯ ಪಾರ್ಥೇನಿಯಂ ಅನ್ನು ಹೂಬಿಡುವ ಮೊದಲೇ ಕೀಳಬೇಕೆಂದು ಕೃಷಿ ತಜ್ಞರು ಹೇಳುವುದು ಇದಕ್ಕಾಗಿಯೇ. ಹೊಲದ ಸುತ್ತ ಮೂರು ನಾಲ್ಕು ಸಾಲು ಜೋಳ ಬಿತ್ತಿದರೆ ನುಸಿಗೆ ತಡೆಯಾಗುತ್ತದೆ. ದಾರಿಬದಿ ಯಾರೊಬ್ಬರದೂ ಅಲ್ಲ. ಅಲ್ಲಿಯ ಕಸವನ್ನು ಊರವರೆಲ್ಲ ಕೂಡಿಯೇ ಕೀಳಬೇಕು.

ನನ್ನ ಹಳೆಯ ವಿದ್ಯಾರ್ಥಿಗಳೇ, ಆ ದಿನದ ಪಾಠವನ್ನು ಇಂದು ತಿದ್ದಿಕೊಳ್ಳಿರಿ. ಆ ಜೀರುಂಡೆಯನ್ನು ಕಂಡರೆ ಅದರ ಪಾಡಿಗೆ ಬಿಡಿರಿ. ಅಂದು ಗೈರುಹಾಜರಾಗಿ ಬೈಸಿಕೊಂಡ ನನ್ನ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ, ಈ ಮಾಸ್ತರನನ್ನು ಕ್ಷಮಿಸಿರಿ. ನಾನು ಪುಸ್ತಕ ನೋಡಿ ಹೇಳುತ್ತಿದ್ದ ಇತಿಹಾಸಕ್ಕಿಂತ ಹತ್ತಿರದ ಇತಿಹಾಸ ನಿಮ್ಮ ಕುರ್ಪಿಯ ತುದಿಯಲ್ಲಿತ್ತು.