ಹಳೆಯ ನಕ್ಷೆಗಳೂ ಕಪಿಲಾತೀರದ ಹಾಳೂರುಗಳೂ

ಕಂದಾಯದ ದಫ್ತರಗಳಲ್ಲಿ ‘ಬೇಚಿರಾಕ್ ಗ್ರಾಮ’ವೆಂಬ ಮಾತೊಂದುಂಟು. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ‘ಬೇ’ ಎಂಬುದು ಅಭಾವಸೂಚಕ. ದೀಪ ಹಚ್ಚುವವರು ಯಾರೂ ಉಳಿಯದ ಊರು ಎಂದು ಅರ್ಥ. ಜನರು ಹೋದರೂ ಊರಿನ ಹೆಸರು, ಎಲ್ಲೆ, ಹೊಲಗಳ ಸರ್ವೆ ನಂಬರು ಇವು ಲೆಕ್ಕದಲ್ಲಿ ನಿಲ್ಲುವುವು. ಶುಷ್ಕವಾದ ದಫ್ತರದ ಭಾಷೆಯಲ್ಲಿ ಇಷ್ಟು ಕರುಣವಾದ ಪದವು ಮತ್ತೊಂದಿದ್ದಂತೆ ತೋರುವುದಿಲ್ಲ.

ಕಪಿಲಾತೀರದ ಸರಗೂರಿನ ಸೀಮೆಯು ಇಂತಹ ಹೆಸರುಗಳನ್ನು ಅರಸುವವನಿಗೆ ತಕ್ಕ ನೆಲ. ಬಹುಕಾಲ ಹೆಗ್ಗಡದೇವನಕೋಟೆಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಈ ಪ್ರಾಂತಕ್ಕೆ ಒಂದು ಕಡೆ ನದಿ, ಮತ್ತೊಂದು ಕಡೆ ಬಂಡೀಪುರದ ಕಾಡು. ಯುದ್ಧ, ಕ್ಷಾಮ, ಮಾರಿಬೇನೆ, ಕಾಡಂಚಿನ ಚಳಿಜ್ವರ, ಇವುಗಳಲ್ಲಿ ಯಾವುದೊಂದು ಬಂದರೂ ಹತ್ತು ಮನೆಯ ಹುಂಡಿಯು ಒಂದು ತಲೆಮಾರಿನಲ್ಲಿ ಬಯಲಾಗುವುದಕ್ಕೆ ಸಾಕು.

ಮೈಸೂರು ಸೀಮೆಯನ್ನು ಶಾಸ್ತ್ರೀಯವಾಗಿ ಅಳೆಯುವ ಕಾರ್ಯವು ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಾಲಿನ್ ಮೆಕೆಂಜಿಯ ಕೈಗೆ ಬಂದಿತು. ಬೆಟ್ಟ, ಹೊಳೆ, ಕೋಟೆ, ಕೆರೆಗಳನ್ನು ಗುರುತಿಸಿದ ಆ ಎಂಜಿನಿಯರನೇ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಸಿದನು. ಹಳಗನ್ನಡದ ಶಾಸನಗಳನ್ನು ಓದಲು ಅವನಿಗೆ ನೆರವಾದವನು ಚಾಮರಾಜನಗರದ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಸರಪಳಿ ಹಿಡಿದವನೂ ಓಲೆ ಓದಿದವನೂ ಒಂದೇ ಡೇರೆಯಲ್ಲಿ ಕುಳಿತುದರಿಂದ ಆದ ಲಾಭವು ಇಷ್ಟೆಂದು ಹೇಳಲಾಗದು. ಇತ್ತ ೧೮೦೨ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ನನು ಆಧಾರರೇಖೆಯನ್ನು ಅಳೆದು ತ್ರಿಕೋಣಮಿತಿಯ ಮಹಾಮಾಪನವನ್ನು ಆರಂಭಿಸಿದನು. ಈ ತಳಹದಿಯ ಮೇಲೆ, ೧೯೦೫ರ ಸುಧಾರಣೆಗಳ ತರುವಾಯ, ಮೈಲಿಗೆ ಒಂದು ಅಂಗುಲದ ಪ್ರಮಾಣದ ಬಣ್ಣದ ಹಾಳೆಗಳು ಹೊರಬಂದುವು.

ಈ ಹಾಳೆಗಳ ಕ್ರಮವನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ೭೬ರಿಂದ ೭೭ನೆಯ ರೇಖಾಂಶ, ೧೨ರಿಂದ ೧೩ನೆಯ ಅಕ್ಷಾಂಶ, ಇವುಗಳ ನಡುವಣ ಭೂಮಿಗೆ ‘೫೭ ಡಿ’ ಎಂದು ಹೆಸರು. ಅದರೊಳಗೆ ಹದಿನಾರು ಚಿಕ್ಕ ಹಾಳೆಗಳು. ಸರಗೂರು ಹನ್ನೆರಡನೆಯ ಅಕ್ಷಾಂಶರೇಖೆಯ ನೆರೆಯಲ್ಲಿಯೇ ಇರುವುದರಿಂದ ತೆಂಕಣ ಕಾಡನ್ನು ನೋಡಬೇಕಾದವನು ‘೫೮ ಎ’ಯ ಹಾಳೆಗಳನ್ನೂ ಜೊತೆಗಿಟ್ಟುಕೊಳ್ಳಬೇಕು. ಊರು ಹಾಳೆಯ ಅಂಚಿಗೆ ಬಿದ್ದರೆ ಅರ್ಧ ಇತಿಹಾಸವು ಇನ್ನೊಂದು ಹಾಳೆಯಲ್ಲಿರುತ್ತದೆ.

ನಕ್ಷೆಯಲ್ಲಿ ಹಾಳೂರನ್ನು ಕಂಡುಹಿಡಿಯುವುದಕ್ಕೆ ಹೆಸರೊಂದನ್ನೇ ನೆಚ್ಚಬಾರದು. ಇಂಗ್ಲಿಷಿನ ಅಕ್ಷರಗಳಿಗೆ ಲಕಾರ ಳಕಾರಗಳ ಭೇದ ತಿಳಿಯದು. ಹ್ರಸ್ವ ದೀರ್ಘಗಳೂ ಉಳಿಯುವುದಿಲ್ಲ. ‘ಹಳ್ಳ’ವೋ ‘ಹಾಳು’ ಆದುದೋ, ‘ಕಲ್ಲು’ ಇರುವ ಸ್ಥಳವೋ ‘ಕಳ್ಳ’ರು ಅಡಗಿದ ಸ್ಥಳವೋ ಎಂಬುದನ್ನು ಊರಿನವರ ಬಾಯಿಂದಲೇ ಕೇಳಬೇಕು. ಹೆಸರಿಗಿಂತ ನಂಬತಕ್ಕ ಕುರುಹುಗಳು ಬೇರೆ ಇವೆ. ಊರಿಲ್ಲದ ಕಡೆಯಲ್ಲಿ ಏರಿಯಿರುವ ಕೆರೆಯೊಂದನ್ನು ಬರೆದಿದ್ದರೆ, ಅದನ್ನು ಕಟ್ಟಿದವರು ಹತ್ತಿರದಲ್ಲಿ ಎಲ್ಲಿಯೋ ಇದ್ದಿರಬೇಕು. ನಾಲ್ಕು ಕಾಲುದಾರಿಗಳು ಬರಿಯ ಬಯಲಿನಲ್ಲಿ ಬಂದು ಕೂಡಿದರೆ ಅಲ್ಲಿ ಒಂದಾನೊಂದು ಕಾಲಕ್ಕೆ ಬಾಗಿಲುಗಳಿದ್ದುವು. ಜನರು ಊರನ್ನು ಬಿಟ್ಟಷ್ಟು ಬೇಗ ದಾರಿಯನ್ನು ಬಿಡುವುದಿಲ್ಲ. ಅಲ್ಲಿಗೆ ಹೋಗಿ ನೋಡಿದರೆ ಹಳೆಯ ಹುಣಿಸೆಯ ಮರ, ಬೋಕಿಬಿಲ್ಲೆಗಳು, ಕುಸಿದ ಹಗೇವು, ಪೊದೆಯೊಳಗೆ ಓರೆಯಾಗಿ ನಿಂತ ವೀರಗಲ್ಲು, ಇವುಗಳಲ್ಲಿ ಯಾವುದಾದರೂ ಒಂದು ಸಾಕ್ಷಿ ನುಡಿಯುವುದುಂಟು.

ಶಾಸನಗಳ ವಿಷಯದಲ್ಲಿಯೂ ಇದು ಉಪಯುಕ್ತ. ೧೮೯೮ರಲ್ಲಿ ಅಚ್ಚಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಲೂಯಿ ರೈಸ್ ಮಹಾಶಯರು ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಸನಗಳನ್ನು ಗ್ರಾಮಾನುಕ್ರಮವಾಗಿ ಪ್ರಕಟಿಸಿದರು. ಗ್ರಾಮವೇ ಇಲ್ಲವಾದಾಗ ಶಾಸನದ ನೆಲೆಯನ್ನು ಹೇಳಬಲ್ಲುದು ಹಳೆಯ ನಕ್ಷೆಯಲ್ಲದೆ ಮತ್ತಾವುದು?

ಇದಕ್ಕೆ ಕಿತ್ತೂರಿಗಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. ಕಪಿಲೆಯ ದಡದ ಈ ಗ್ರಾಮವೇ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಎರಡನೆಯ ಶತಮಾನದ ಟಾಲೆಮಿಯು ಬೆರಿಲ್ ರತ್ನವು ದೊರೆಯುವ ‘ಪೌನ್ನಾಟ’ವನ್ನು ಹೆಸರಿಸಿದನು. ಗಂಗರ ಅವಿನೀತನು ಪುನ್ನಾಟದ ಸ್ಕಂದವರ್ಮನ ಮಗಳನ್ನು ವರಿಸಿದನು; ಅವರ ಮಗನೇ ದುರ್ವಿನೀತ. ೭೮೩ರಲ್ಲಿ ಸಂಸ್ಕೃತ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನರು ಪುನ್ನಾಟ ಸಂಘದವರು. ಇಷ್ಟು ಕೀರ್ತಿಯ ಊರಿನ ನೆಲವು ೧೯೭೪ರಲ್ಲಿ ಪೂರ್ತಿಯಾದ ಕಬಿನಿ ಅಣೆಕಟ್ಟಿನ ಹಿನ್ನೀರಿಗೆ ಸೇರಿತು. ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆಯ ಕಾಡಿನ ಬಹುಭಾಗಕ್ಕೂ ಅದೇ ಗತಿಯಾಯಿತು. ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಈಗಿನ ನಕ್ಷೆಯಲ್ಲಿ ಅಲ್ಲಿರುವುದು ಬರಿಯ ನೀಲಿ. ಅಣೆಕಟ್ಟಿಗೆ ಮುಂಚಿನ ಹಾಳೆಯನ್ನು ತೆರೆದರೆ ನದಿಯು ತನ್ನ ಪಾತ್ರದಲ್ಲಿ ಹರಿಯುತ್ತದೆ, ಅದರ ಎಡಬಲಗಳಲ್ಲಿ ಊರುಗಳು ಇದ್ದಲ್ಲಿಯೇ ಇವೆ.

ಆದರೆ ಇದೇ ಹಾಳೆಯನ್ನು ಬೇರೆ ಕಣ್ಣಿನಿಂದ ನೋಡುವವರೂ ಇದ್ದಾರೆ. ಹಾಳೂರೆಂದರೆ ನಿಧಿಯೆಂಬ ಭ್ರಮೆಯು ನಮ್ಮ ನಾಡಿನಲ್ಲಿ ಹಳೆಯದು. ಹಿಂದೆ ಅಂಜನ ಹಾಕಿ ನೋಡುತ್ತಿದ್ದವರ ಕೈಗೆ ಈಗ ಲೋಹಶೋಧಕ ಯಂತ್ರವು ಬಂದಿದೆ. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ನೆಲದೊಳಗಿನ ಲೋಹದಲ್ಲಿಯೂ ಪ್ರವಾಹವನ್ನು ಎಬ್ಬಿಸಿ, ಅದರ ಪ್ರತಿಧ್ವನಿಯಂತಹ ಪರಿಣಾಮವನ್ನು ಗ್ರಹಿಸುವುದು ಇದರ ತತ್ತ್ವ. ೧೮೮೧ರಲ್ಲಿ ಗುಂಡೇಟು ತಿಂದ ಅಮೆರಿಕೆಯ ಅಧ್ಯಕ್ಷ ಗಾರ್ಫೀಲ್ಡನ ದೇಹದಲ್ಲಿ ಗುಂಡನ್ನು ಹುಡುಕಲು ಗ್ರಹಾಂ ಬೆಲ್ಲನು ಇಂತಹುದನ್ನು ಹೂಡಿ ವಿಫಲನಾದನು. ಇಂಗ್ಲೆಂಡಿನಲ್ಲಿ ಹಳೆಯ ನಕ್ಷೆಯನ್ನೂ ಈ ಯಂತ್ರವನ್ನೂ ಹಿಡಿದು ಹೊಲಗಳಲ್ಲಿ ತಿರುಗುವುದು ಅನೇಕರಿಗೆ ವಿನೋದ. ಅಲ್ಲಿ ೧೯೯೭ರಿಂದ, ಸಿಕ್ಕಿದ ವಸ್ತುವನ್ನೂ ಸಿಕ್ಕಿದ ಜಾಗವನ್ನೂ ಬರೆದಿಡುವ ಏರ್ಪಾಡಿದೆ. ನಮ್ಮಲ್ಲಿ ಭೂಗತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವು ೧೮೭೮ರ ಶಾಸನದಷ್ಟು ಹಳೆಯದು. ಕರ್ನಾಟಕಕ್ಕೆ ೧೯೬೨ರ ನಿಧಿ ಅಧಿನಿಯಮವೇ ಇದೆ. ಸಂರಕ್ಷಿತ ಸ್ಥಳದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದೂ, ರಕ್ಷಿತಾರಣ್ಯಕ್ಕೆ ಅಪ್ಪಣೆಯಿಲ್ಲದೆ ಹೊಗುವುದೂ ಅಪರಾಧಗಳು. ಆದರೂ ನಿಧಿಯಾಸೆಗೆ ವೀರಗಲ್ಲನ್ನು ಕೀಳುವುದು, ನಂದಿಯನ್ನು ಒಡೆಯುವುದು, ಪಾಳುಗುಡಿಯ ಗರ್ಭಗೃಹವನ್ನು ಅಗೆಯುವುದು ನಿಂತಿಲ್ಲ.

ಅವರಿಗೆ ದೊರೆಯುವುದಾದರೂ ಏನು? ಒಂದು ಕಂಠೀರವ ಹಣವೆಂದು ಇಟ್ಟುಕೊಳ್ಳೋಣ. ಕೆಲವೇ ಗುಂಜಿ ತೂಕದ ಚಿನ್ನ. ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರ ಹೆಸರಿನ ಆ ನಾಣ್ಯವು ಬಹುಕಾಲ ಚಲಾವಣೆಯಲ್ಲಿದ್ದುದರಿಂದ ಅದೊಂದರಿಂದಲೇ ಊರಿನ ಕಾಲವು ಸಿದ್ಧಿಸುವುದಿಲ್ಲ. ಯಾವ ಮನೆಯ ನೆಲದಲ್ಲಿ, ಯಾವ ಮಡಕೆಯ ಚೂರುಗಳ ಜೊತೆಗೆ, ಯಾವ ಬೂದಿಯ ಪದರದ ಕೆಳಗೆ ಇದ್ದಿತೆಂಬುದು ತಿಳಿದರೆ ಮಾತ್ರ ಆ ಊರು ಬೆಂದು ಹೋಯಿತೋ, ಜನರು ಗಂಟು ಕಟ್ಟಿಕೊಂಡು ನಡೆದು ಹೋದರೋ ಎಂಬುದು ಗೊತ್ತಾದೀತು. ಗುದ್ದಲಿಯ ಒಂದೇ ಪೆಟ್ಟಿಗೆ ಆ ಸಾಕ್ಷ್ಯವೆಲ್ಲವೂ ಕಲಸಿಹೋಗುತ್ತದೆ; ಉಳಿಯುವುದು ಚಿನಿವಾರನ ತಕ್ಕಡಿಗೆ ಬೀಳುವ ಚೂರು.

ಬೇಸಗೆಯಲ್ಲಿ ಕಬಿನಿಯ ನೀರು ಇಳಿದಾಗ ಮುಳುಗಿದ ನೆಲವು ಅಲ್ಲಲ್ಲಿ ಹೊರಬೀಳುವುದು. ಆಗ ಬೇಕಾದುದು ಯಂತ್ರವಲ್ಲ, ಹಳೆಯ ಹಾಳೆಯ ಒಂದು ಪ್ರತಿ ಮತ್ತು ಊರನ್ನು ಕಂಡ ಒಬ್ಬ ಹಿರಿಯ. ಮೈಲಿಗೆ ಅಂಗುಲದ ಹಾಳೆಯು ಊರಿನ ಹೆಸರನ್ನು ಬರೆಯುತ್ತದೆ. ಕಲ್ಯಾಣಿ ಯಾವ ಬೀದಿಯ ಕೊನೆಗೆ, ಮಾರಿಗುಡಿ ಯಾವ ಮರದ ಕೆಳಗೆ, ಯಾವ ಹೊಲಕ್ಕೆ ಯಾರ ಹೆಸರು ಎಂಬುದನ್ನು ಬರೆಯುವುದಿಲ್ಲ. ಅಣೆಕಟ್ಟು ಮುಗಿದಾಗ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಹಾಳೆಯನ್ನು ಅವರ ಮುಂದೆ ಹಾಸಿದರೆ ನೀಲಿಯ ಕೆಳಗಿನ ಜಾಗಗಳಿಗೆ ಅವರು ಇನ್ನೂ ಬೆರಳಿಡಬಲ್ಲರು.