ಫ್ಲೋರಿನ್: ನಿಸರ್ಗದಲ್ಲಿ ಮುಕ್ತ ರೂಪದ ವಿವಾದ

ಫ್ಲೋರಿನ್ ಹ್ಯಾಲೊಜನ್ ಗುಂಪಿನ ಧಾತು. ಪರಮಾಣು ಸಂಖ್ಯೆ 9. ಇದರ ಇತಿಹಾಸದ ಮುಖ್ಯ ಘಟ್ಟಗಳು ಪರಿಚಿತವಾದುವೇ. ಅದಿರು ಸುಲಭವಾಗಿ ಕರಗಲೆಂದು ಕುಲುಮೆಗೆ ಫ್ಲೋರ್‌ಸ್ಪಾರ್ (ಫ್ಲೋರೈಟ್ ಎಂಬ ಕ್ಯಾಲ್ಸಿಯಂ ಫ್ಲೋರೈಡ್ ಖನಿಜ) ಬೆರೆಸುತ್ತಿದ್ದುದನ್ನು 16ನೇ ಶತಮಾನದಲ್ಲಿ ಅಗ್ರಿಕೋಲಾ ದಾಖಲಿಸಿದ. 1771ರಲ್ಲಿ ಶೀಲೆ ಆ ಖನಿಜದಿಂದ ಬರುವ ಆಮ್ಲವನ್ನು ಪರಿಶೀಲಿಸಿದ. ಧಾತುವನ್ನು ಬೇರ್ಪಡಿಸಹೊರಟ ಹಲವರು ವಿಷಕ್ಕೆ ತುತ್ತಾದ ಮೇಲೆ, 1886ರ ಜೂನ್ 26ರಂದು ಪ್ಯಾರಿಸ್‌ನಲ್ಲಿ ಆನ್ರಿ ಮೊಸಾಂ ವಿದ್ಯುದ್ವಿಭಜನೆಯಿಂದ ಅದನ್ನು ಪಡೆದ. 1906ರ ನೊಬೆಲ್ ಪ್ರಶಸ್ತಿ ಅವನಿಗೆ ಸಂದಿತು. ಈ ಕಥೆಯ ಜೊತೆಗೇ ಪಠ್ಯಪುಸ್ತಕಗಳಲ್ಲಿ ಇನ್ನೊಂದು ಮಾತು ನೆಲೆಯೂರಿತು: ಫ್ಲೋರಿನ್ ನಿಸರ್ಗದಲ್ಲಿ ಮುಕ್ತವಾಗಿ ಸಿಗುವುದಿಲ್ಲ. ಇದು ಯಾರೂ ಹುಡುಕಿ ಕಂಡುಕೊಂಡ ಸಂಗತಿಯಲ್ಲ, ಧಾತುವಿನ ಉಗ್ರ ಕ್ರಿಯಾಶೀಲತೆಯಿಂದ ಮಾಡಿದ ಊಹೆ. ಇದಕ್ಕೆ ವಿರುದ್ಧವಾದ ಸಾಕ್ಷ್ಯ ಅಷ್ಟರಲ್ಲೇ ಇತ್ತು.

ಜರ್ಮನಿಯ ಬವೇರಿಯಾ ಪ್ರಾಂತದ ವೋಲ್ಸೆನ್‌ಡಾರ್ಫ್ ಗಣಿಗಳ ಕಡುನೇರಳೆ ಫ್ಲೋರೈಟನ್ನು ಜಜ್ಜಿದರೆ ಕಟುವಾದ ನಾತ ಬರುತ್ತದೆ. ಓಜೋನ್ ಕಂಡುಹಿಡಿದ ಶೋನ್‌ಬೈನ್ ಇದನ್ನು ‘ಆಂಟೊಜೋನ್’ ಎಂಬ ಹೊಸ ವಸ್ತುವಿನ ವಾಸನೆ ಎಂದ. ಅಂಥ ವಸ್ತುವೇ ಇಲ್ಲವೆಂದು ಮುಂದೆ ತಿಳಿದರೂ ಖನಿಜಕ್ಕೆ ಆಂಟೊಜೊನೈಟ್ ಎಂಬ ಹೆಸರು ಉಳಿದುಬಿಟ್ಟಿತು. 1890ರಲ್ಲಿ ಆನ್ರಿ ಬೆಕರೆಲ್ ಮತ್ತು ಮೊಸಾಂ ಫ್ರಾನ್ಸಿನ ಕ್ಯಾಂಸಿಯೆಯ ಇಂಥದೇ ಫ್ಲೋರೈಟನ್ನು ಪರೀಕ್ಷಿಸಿ, ಒಳಗಿರುವುದು ಮುಕ್ತ ಫ್ಲೋರಿನ್ನೇ ಎಂದು ವಾದಿಸಿದರು. ಆದರೂ ಸಂದೇಹ ಹರಿಯಲಿಲ್ಲ. ಸಂದೇಹಕ್ಕೆ ಆಧಾರವೂ ಇತ್ತು. ಜಜ್ಜಿದೊಡನೆ ಹೊರಬರುವ ಫ್ಲೋರಿನ್ ಗಾಳಿಯ ತೇವದೊಡನೆ ವರ್ತಿಸಿ ಓಜೋನನ್ನೂ ಹೈಡ್ರೊಜನ್ ಫ್ಲೋರೈಡನ್ನೂ ಕೊಡುತ್ತದೆ. ಹಾಗಾಗಿ ಮೂಗಿನ ಸಾಕ್ಷ್ಯದಿಂದ ಮೂಲವನ್ನು ನಿರ್ಣಯಿಸುವಂತಿರಲಿಲ್ಲ.

2012ರಲ್ಲಿ ಮ್ಯೂನಿಕ್‌ನ ಸಂಶೋಧಕರು ಖನಿಜವನ್ನು ಜಜ್ಜದೆ, ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ವಿಧಾನದಿಂದ ಅದರೊಳಗೇ ಫ್ಲೋರಿನ್ ಅಣುಗಳನ್ನು ಗುರುತಿಸಿದರು. ಖನಿಜದಲ್ಲಿ ಸೇರಿಕೊಂಡಿರುವ ಯುರೇನಿಯಂನ ಸಂತತಿ ಧಾತುಗಳು ಸೂಸುವ ವಿಕಿರಣ ಕ್ಯಾಲ್ಸಿಯಂ ಫ್ಲೋರೈಡನ್ನು ದೀರ್ಘಕಾಲ ಒಡೆಯುತ್ತ ಬಂದು, ಒಂದೆಡೆ ಕ್ಯಾಲ್ಸಿಯಂ ಗುಚ್ಛಗಳನ್ನೂ ಇನ್ನೊಂದೆಡೆ ಫ್ಲೋರಿನ್ನನ್ನೂ ಉಳಿಸಿದೆ. ಅವೆರಡೂ ಮತ್ತೆ ಕೂಡಿಕೊಳ್ಳಬೇಕಿತ್ತಲ್ಲವೇ ಎಂಬುದು ಸಹಜವಾದ ಆಕ್ಷೇಪ. ನಡುವೆ ಒಡೆಯದೆ ಉಳಿದ ಫ್ಲೋರೈಟೇ ಗೋಡೆಯಾಗಿದೆ ಎಂಬುದು ಉತ್ತರ. 1890ರಲ್ಲಿ ಈ ವಿವರಣೆ ಯಾರ ಕೈಗೂ ಎಟುಕುವಂತಿರಲಿಲ್ಲ, ಏಕೆಂದರೆ ವಿಕಿರಣಶೀಲತೆ ಬೆಳಕಿಗೆ ಬಂದದ್ದು ಆರು ವರ್ಷಗಳ ನಂತರ. ಅದನ್ನು ಕಂಡವನು ಅದೇ ಬೆಕರೆಲ್! ತೂಕದಲ್ಲಿ ಶೇಕಡಾ ಸುಮಾರು 0.04ರಷ್ಟಿರುವ ಈ ಅನಿಲದಿಂದ ಉದ್ಯಮಕ್ಕೆ ಪ್ರಯೋಜನವಿಲ್ಲ. ಫ್ಲೋರಿನ್ ಅನಿಲದ ತಯಾರಿಕೆ ಇಂದಿಗೂ ವಿದ್ಯುದ್ವಿಭಜನೆಯಿಂದಲೇ ನಡೆಯುತ್ತಿದೆ. ಆದರೆ ಪಠ್ಯಪುಸ್ತಕದ ಆ ಹಳೆಯ ವಾಕ್ಯ ಇನ್ನು ನಿಲ್ಲುವುದಿಲ್ಲ.