ಥೈಮಸ್ ಗ್ರಂಥಿಯ ವಯೋಧರ್ಮ

ಎದೆಯೆಲುಬಿನ ಹಿಂದೆ, ಹೃದಯದ ಮೇಲ್ಗಡೆ ಇರುವ ಥೈಮಸ್ ಗ್ರಂಥಿಯು ಎಳೆಯ ಪ್ರಾಣಿಗಳಲ್ಲಿ ದೊಡ್ಡದಾಗಿದ್ದು, ವಯಸ್ಸಾದಂತೆ ಕುಗ್ಗುವುದೆಂಬುದನ್ನು ಎರಡನೆಯ ಶತಮಾನದ ಗ್ಯಾಲೆನ್ನನೇ ಅರಿತಿದ್ದನು. ಆದರೆ ಆ ಕುಗ್ಗುವಿಕೆಯಲ್ಲಿ ವಯಸ್ಸಿನ ಪಾಲೆಷ್ಟು, ರೋಗದ ಪಾಲೆಷ್ಟು ಎಂಬುದು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಿರ್ಣಯವಾಗಿರಲಿಲ್ಲ. ಈ ಅನಿರ್ಣಯವು ಪಂಡಿತರ ವಿವಾದವಾಗಿ ಮಾತ್ರ ಉಳಿಯದೆ, ಅನೇಕ ಶಿಶುಗಳ ಕೇಡಿಗೆ ಕಾರಣವಾಯಿತು.

೧೮೮೯ರಲ್ಲಿ ವಿಯೆನ್ನಾದ ಪಾಲ್ಟೌಫನು, ಅಕಸ್ಮಾತ್ತಾಗಿ ಮೃತರಾದ ಮಕ್ಕಳಲ್ಲಿ ಈ ಗ್ರಂಥಿಯು ದೊಡ್ಡದಾಗಿರುವುದನ್ನು ಕಂಡು, ಅದನ್ನು ವಿಕೃತವಾದ ದೇಹಪ್ರಕೃತಿಯ ಲಕ್ಷಣವೆಂದು ಪ್ರತಿಪಾದಿಸಿದನು. ಹೋಲಿಕೆಗೆ ದೊರೆಯುತ್ತಿದ್ದ ಇತರ ಶವಗಳಾದರೋ ಬಹುಮಟ್ಟಿಗೆ ದೀರ್ಘರೋಗದಿಂದ ಕೃಶರಾದವರವು. ಅವರ ಬತ್ತಿದ ಗ್ರಂಥಿಯೇ ಸಹಜಪ್ರಮಾಣವೆನಿಸಿತು. ಆರೋಗ್ಯವಂತ ಶಿಶುವಿನ ಗ್ರಂಥಿಯು ರೋಗವೆನಿಸಿತು. ೧೯೦೭ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಫ್ರೀಡ್ಲ್ಯಾಂಡರನು ಅದನ್ನು ಕುಗ್ಗಿಸಲು ಕ್ಷಕಿರಣಗಳನ್ನು ಪ್ರಯೋಗಿಸಿದನು. ಆ ಚಿಕಿತ್ಸೆಯು ದಶಕಗಳವರೆಗೆ ನಡೆಯಿತು.

ಈ ಭ್ರಾಂತಿಯನ್ನು ನಿವಾರಿಸಬಲ್ಲ ಅಳತೆಗೋಲು ಅದೇ ಕಾಲದಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಸಿದ್ಧವಾಗುತ್ತಿದ್ದಿತು. ಅಲ್ಲಿನ ಶರೀರರಚನಾಶಾಸ್ತ್ರಜ್ಞನಾದ ಹಮ್ಮರನು ೧೯೦೬ರಲ್ಲಿ, ವಯಸ್ಸಿನಿಂದಾಗುವ ಕ್ಷೀಣತೆಯನ್ನೂ ರೋಗ ಉಪವಾಸಾದಿಗಳಿಂದಾಗುವ ಆಗಂತುಕ ಕ್ಷೀಣತೆಯನ್ನೂ ಬೇರ್ಪಡಿಸಿದನು. ೧೯೦೯ರಲ್ಲಿ ಸೋಡರ್ಲುಂಡ್ ಮತ್ತು ಬಾಕ್ಮನ್ ಎಂಬವರು ಮೊಲದ ಥೈಮಸ್ಸಿನ ವಯೋವಿಕಾರಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದರು. ಉಪವಾಸದ ಪರಿಣಾಮವನ್ನು ಕುರಿತ ಯೋನ್ಸನ್ನನ ಲೇಖನವೂ ಅದೇ ವರ್ಷ ಹೊರಬಿದ್ದಿತು. ಮೊಲವನ್ನು ಆರಿಸಿದುದು ಯುಕ್ತವೇ ಸರಿ. ಜನ್ಮದಿನವು ಗೊತ್ತಿರುವ, ಹೊಟ್ಟೆತುಂಬ ಮೇವುಂಡ, ನೀರೋಗಿಯಾದ ಪ್ರಾಣಿಯನ್ನು ಬೇಕಾದ ವಯಸ್ಸಿನಲ್ಲಿ ಪರೀಕ್ಷಿಸಬಹುದಷ್ಟೆ. ಅದರ ಗ್ರಂಥಿಯು ಎಳೆತನದಲ್ಲಿ ಬೆಳೆದು, ಪ್ರೌಢಾವಸ್ಥೆಯ ತರುವಾಯ ಇಳಿಮುಖವಾಗುವುದು. ಹೊರಪದರದ ಲಿಂಫ್ ಕಣಗಳು ವಿರಳವಾಗಿ, ಆ ಎಡೆಯನ್ನು ಕೊಬ್ಬು ಆವರಿಸುವುದು. ಎಳೆಯದರಲ್ಲಿ ದೊಡ್ಡ ಗ್ರಂಥಿಯಿರುವುದು ಆರೋಗ್ಯವೇ ಹೊರತು ವಿಕಾರವಲ್ಲ.

೧೯೩೧ರಲ್ಲಿ ಬ್ರಿಟನ್ನಿನ ತಜ್ಞಸಮಿತಿಯೊಂದರ ವರದಿಯು, ಪಾಲ್ಟೌಫನು ಹೇಳಿದ ದೇಹಪ್ರಕೃತಿಗೆ ಆಧಾರವಿಲ್ಲವೆಂದು ಸಾರಿತು. ಆದರೂ ಕಿರಣಚಿಕಿತ್ಸೆಯು ಒಡನೆ ನಿಲ್ಲಲಿಲ್ಲ. ಅದಕ್ಕೊಳಗಾದ ಮಕ್ಕಳಲ್ಲಿ ಮುಂದೆ ಥೈರಾಯ್ಡ್ ಗ್ರಂಥಿಯ ಅರ್ಬುದವು ತೋರಿದುದನ್ನು ೧೯೫೦ರಲ್ಲಿ ಡಫಿ ಮತ್ತು ಫಿಟ್ಸ್‌ಜೆರಾಲ್ಡ್ ಎತ್ತಿ ತೋರಿಸಿದರು. ಗ್ರಂಥಿಯ ಪ್ರಯೋಜನವು ತಿಳಿದುದು ಇನ್ನೂ ಈಚೆಗೆ. ೧೯೬೧ರಲ್ಲಿ ಮಿಲ್ಲರನು ಇಲಿಮರಿಗಳಲ್ಲಿಯೂ, ಆರ್ಚರ್ ಮೊದಲಾದವರು ಮೊಲದ ಮರಿಗಳಲ್ಲಿಯೂ ಥೈಮಸ್ಸನ್ನು ತೆಗೆದು, ಅದಿಲ್ಲದೆ ದೇಹದ ರೋಗನಿರೋಧಶಕ್ತಿಯು ಸರಿಯಾಗಿ ಬೆಳೆಯದೆಂದು ಕಂಡುಕೊಂಡರು.

ಇಂತು, ಯಾವುದನ್ನು ಅಪಾಯವೆಂದು ಸುಡಲಾಯಿತೋ ಅದೇ ಶಿಶುವಿನ ರಕ್ಷಕವಾಗಿದ್ದಿತು. ಸಹಜವೆಂಬುದರ ಅಳತೆಯನ್ನು ರೋಗಿಷ್ಠರಿಂದ ಪಡೆದುದೇ ಈ ಪ್ರಮಾದದ ಮೂಲ.